ಅಪ್‌ಡೇಟ್: ಮಹಡಿ ಮೇಲಿನ ರೂಮಿನ ಬಾಡಿಗೆ, ಕರೆಂಟ್ ಬಿಲ್

ಮೈಸೂರಿನ ನಮ್ಮ ಮನೆ ಮಹಡಿ ಮೇಲೆ ಬಾತ್‌ರೂಮ್, ಪುಟ್ಟ ಅಡುಗೆಕಟ್ಟೆ ಎಲ್ಲ ಇರುವ ರೂಮಿಗೆ ಬಾಡಿಗೆ ಎಷ್ಟು ಹೇಳೋದು, ಬಿಲ್ ಸೇರಿಸಿಯೋ ಬೇರೆಯೋ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿಯೊಬ್ಬಳು ಬಂದಿದ್ದಾಳೆ.

ಬಾಡಿಗೆ 7,500, ನೀರು ಸೇರಿ. ಅಡ್ವಾನ್ಸ್ ಮೂರು ತಿಂಗಳದ್ದು. ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ನಮಗೆ ಬೇಡವೆನಿಸಿತು; ಖಾಲಿ ಮಾಡುವಾಗ ಅಷ್ಟು ದುಡ್ಡು ಹೊಂದಿಸೋರು ಯಾರು? 11 ತಿಂಗಳ ಅಗ್ರಿಮೆಂಟ್ ಆಗಿದೆ.

ತಲೆನೋವು ಕರೆಂಟಿನದು. ಮೀಟರ್ ಒಂದೇ, ನಮಗೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ ದಾಟಿತೋ, ಹೆಚ್ಚಾದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮೇಲೆ ಗೀಸರ್ ಬೇರೆ! 2 ಕಿಲೋವ್ಯಾಟಿನದು ದಿನಾ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ಸಬ್ ಮೀಟರ್ ಹಾಕಿಸಿ ಅಂದಿರಿ, ಹಾಕಿಸಿದ್ದೂ ಆಯಿತು. ಆದರೆ ಅದು ಯಾರು ಎಷ್ಟು ಉರಿಸಿದರು ಅಂತ ತೋರಿಸುತ್ತದೆ ಅಷ್ಟೆ. ಕರೆಂಟ್ ಕೊಡುವ ಸೆಸ್ಕ್‌ ಕಂಪನಿಯವರಿಗೆ ಎರಡೂ ಸೇರಿ ಒಂದೇ ಮನೆ.

ಸದ್ಯಕ್ಕೆ ಬಿಲ್ ಬಂದ ತಿಂಗಳು ಯೂನಿಟ್ ಪ್ರಕಾರ ಹಂಚಿಕೊಳ್ಳುವುದು ಅಂತ ಅಗ್ರಿಮೆಂಟಿನಲ್ಲೇ ಬರೆಸಿದ್ದೇವೆ. ಒಂದನೇ ತಾರೀಖು "ಆಂಟಿ, ರೀಡಿಂಗ್ ಕಳಿಸಿದೀನಿ ನೋಡಿ" ಅಂತ ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ. ಮಹಡಿಗೆ ಬೇರೆ ಮೀಟರೇ ತೆಗೆದುಕೊಳ್ಳುವ ಯೋಚನೆಯಿದೆ. ಪ್ರತ್ಯೇಕ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಕನೆಕ್ಷನ್ ನಂಬರ್) ಇದ್ದರೆ ಬಾಡಿಗೆಯವರೂ ತಮ್ಮ ಆಧಾರ್ ಕೊಟ್ಟು ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಖರ್ಚೆಷ್ಟು ಅಂತ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಹತ್ತಿರ ಕೇಳಿದ್ದೇವೆ.

ವೈಫೈ ದುಡ್ಡಿನ ಮಾತು ಇನ್ನೂ ಎತ್ತಿಲ್ಲ. ಪಾಸ್‌ವರ್ಡ್ ಮಾತ್ರ ನನ್ನ ಮಗ ಆಗಲೇ ಕೊಟ್ಟಾಗಿದೆ.