ಮನೆ ಮೊದಲೋ, ಬ್ಯಾಂಕು ಮೊದಲೋ

ನಮ್ಮ ಗುಂಪಿನಲ್ಲಿ ಈಗ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿಲ್ಲ. ಯಾರು ಯಾವ ಊರಿಗೆ ಹೋಗಿ ಬಿದ್ದರೋ ಅದೇ ಅವರ ಹೆಸರು. ಬರ್ಲಿನ್, ಲಂಡನ್, ಟೋಕಿಯೊ, ಟೊರೊಂಟೊ. ನಾನು ಸಿಡ್ನಿ. ಇನ್ನೇನು ಪ್ಯಾರಿಸ್ ಆಗಲಿರುವವನೊಬ್ಬ ಮೊನ್ನೆ ವಿಡಿಯೊ ಕಾಲ್‌ನಲ್ಲಿ ಬಹಳ ಮುಗ್ಧವಾಗಿ ಹೇಳಿದ, "ಇಳಿದ ಮಾರನೇ ದಿನ ಬ್ಯಾಂಕಿಗೆ ಹೋಗಿ ಖಾತೆ ತೆರೆದುಬಿಡುತ್ತೇನೆ. ಅರ್ಧ ಗಂಟೆ ಸಾಕಲ್ವಾ?"

ಲಂಡನ್ ನಕ್ಕ ನಗುವಿಗೆ ಅವಳ ಫೋನು ನಿಲ್ಲಿಸಿದ್ದ ಕಡೆಯಿಂದ ಜಾರಿ ಬಿತ್ತು. ಸ್ವಲ್ಪ ಹೊತ್ತು ನಮಗೆಲ್ಲ ಅವಳ ಮನೆಯ ಛಾವಣಿ ಮಾತ್ರ ಕಾಣಿಸುತ್ತಿತ್ತು. ಛಾವಣಿಯೇ ಮಾತಾಡಿತು.

"ಕೇಳೋ ಇಲ್ಲಿ. ನಾನು ಪಾಸ್‌ಪೋರ್ಟ್ ಕೊಟ್ಟೆ. ನೀವು ಯಾರು ಅಂತ ಗೊತ್ತಾಯಿತು, ಎಲ್ಲಿರುತ್ತೀರಿ ಅಂತ ತೋರಿಸಿ ಅಂದರು. ಬಾಯಲ್ಲಿ ಹೇಳಿದರೆ ಆಗಲ್ಲವಂತೆ. ಕರೆಂಟ್ ಬಿಲ್ಲೋ ಕೌನ್ಸಿಲ್ ಟ್ಯಾಕ್ಸ್ ಅನ್ನುವ ಮನೆ ಕಂದಾಯದ ಬಿಲ್ಲೋ ಬೇಕಂತೆ. ಮನೆ ಸಿಕ್ಕರೆ ತಾನೇ ಬಿಲ್ಲು? ಮನೆ ಕೊಡುವವರನ್ನು ಕೇಳಿದರೆ, ಬಾಡಿಗೆ ಕಟ್ಟುವ ಶಕ್ತಿ ಇದೆಯಾ, ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ ಅಂತಾರೆ."

"ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ," ಅಂದ ಟೋಕಿಯೊ.

"ಅದೇ. ಮೊಬೈಲ್ ಬಿಲ್ ಇದೆ ಅಂದೆ. ಅದು ಲೆಕ್ಕಕ್ಕಿಲ್ಲ ಅಂದರು. ಜೀವಮಾನದಲ್ಲಿ ಮೊದಲ ಸಲ ನನ್ನ ಹೆಸರಿಗೊಂದು ಬಿಲ್ ಬರಲಪ್ಪಾ ಅಂತ ಬೇಡಿಕೊಂಡೆ. ಇಷ್ಟರ ಮೇಲೆ, ಈ ದೇಶದಲ್ಲಿರಲು ಅನುಮತಿ ಕೊಟ್ಟ ನಿಮ್ಮ ವೀಸಾದ ಕಾರ್ಡ್ ಎಲ್ಲಿ ಅಂತ ಬೇರೆ. ಇಲ್ಲಿ ಆ ಪ್ಲಾಸ್ಟಿಕ್ ಕಾರ್ಡ್ ಕೊಡುವುದನ್ನೇ ನಿಲ್ಲಿಸಿದ್ದಾರೆ, ಈಗ ಎಲ್ಲ ಇ-ವೀಸಾ. ಆನ್‌ಲೈನಿನಲ್ಲಿ ಒಂದು ಶೇರ್ ಕೋಡ್ ತೆಗೆದು ಕೊಡಬೇಕು. ಸರ್ಕಾರದ ಹೊಸ ಪದ್ಧತಿಯನ್ನು ಕೌಂಟರಿನಲ್ಲಿ ಕೂತವರಿಗೆ ನಾನು ಪಾಠ ಮಾಡಿ ಬಂದೆ. ಕೊನೆಗೆ ನನ್ನನ್ನು ಕಾಪಾಡಿದ್ದು ಯೂನಿವರ್ಸಿಟಿಯವರು ಬ್ಯಾಂಕಿಗೆ ಅಂತಲೇ ಬರೆದುಕೊಟ್ಟ ಒಂದು ಪತ್ರ."

"ನಿನಗೆ ಕೇಳಿದ್ದು ಬಿಲ್ಲು," ಅಂದ ಬರ್ಲಿನ್. ಇವನದು ಯಾವಾಗಲೂ ಹೀಗೇ. ಯಾರ ಕಷ್ಟ ಕೇಳಿದರೂ ತನ್ನದು ಅದಕ್ಕಿಂತ ಎರಡು ಕೇಜಿ ಜಾಸ್ತಿ ಅಂತ ತೂಗಿ ತೋರಿಸಬೇಕು. "ನನ್ನ ಬ್ಯಾಂಕು ಕೇಳಿದ್ದು ಅನ್‌ಮೆಲ್ಡುಂಗ್. ಅಂದರೆ ನಾನು ಈ ಊರಲ್ಲಿದ್ದೇನೆ ಅಂತ ನಗರದ ಕಚೇರಿಯಲ್ಲಿ ದಾಖಲಾಗಬೇಕು. ಮನೆಗೆ ಹೋದ ಎರಡು ವಾರದೊಳಗೆ ಆಗಬೇಕು ಅಂತ ಕಾನೂನು. ಆ ಎರಡು ವಾರದೊಳಗೆ ಬರ್ಲಿನ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕರೆ ಪುಣ್ಯ. ಸಿಕ್ಕಿತು ಅಂತಿಟ್ಟುಕೋ, ಮನೆ ಮಾಲೀಕರು ಹೌದು, ಇವನು ನಮ್ಮಲ್ಲೇ ಇದ್ದಾನೆ ಅಂತ ಬರೆದುಕೊಟ್ಟ ಫಾರಂ ಬೇಕು. 2015ರ ನವೆಂಬರಿನಿಂದ ಅದು ಕಡ್ಡಾಯ."

"ಅದರ ಹೆಸರು ಹೇಳು, ಅದರ ಹೆಸರು ಹೇಳು," ಅಂತ ಟೊರೊಂಟೊ ಹುರಿದುಂಬಿಸಿದಳು.

"ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್."

ಎಲ್ಲರೂ ಚಪ್ಪಾಳೆ ತಟ್ಟಿದೆವು. ಬರ್ಲಿನ್‌ಗೆ ಹುರುಪು ಬಂತು. "ಆಮೇಲೆ ಖಾತೆಗೆ ವಿಡಿಯೊ ತಪಾಸಣೆ. ಪಾಸ್‌ಪೋರ್ಟನ್ನು ಕ್ಯಾಮೆರಾ ಮುಂದೆ ಹಿಡಿದು ಹಿಂದೆ ಬಗ್ಗಿಸಿ, ಮುಂದೆ ಬಗ್ಗಿಸಿ, ಹೊಳೆಯುವ ಹೋಲೋಗ್ರಾಂ ಕಾಣಿಸಲಿ ಅಂತಾರೆ. ಟ್ಯೂಬ್‌ಲೈಟ್ ಕೆಳಗೆ ನಿಂತು ಪಾಸ್‌ಪೋರ್ಟಿಗೆ ಭರತನಾಟ್ಯ ಮಾಡಿಸಿದೆ. ಪಾಸಾಯಿತು. ಕಾರ್ಡ್ ಒಂದು ಕವರಿನಲ್ಲಿ, ಪಿನ್ ಇನ್ನೊಂದು ಕವರಿನಲ್ಲಿ, ಬೇರೆ ಬೇರೆ ದಿನ ಅಂಚೆಯಲ್ಲಿ ಬರುತ್ತದೆ ಅಂದರು. ಬರಲೇ ಇಲ್ಲ. ಯಾಕೆ ಹೇಳು?"

"ಕಳ್ಳರು?"

"ಅಂಚೆಪೆಟ್ಟಿಗೆಯ ಮೇಲೆ ನನ್ನ ಹೆಸರಿರಲಿಲ್ಲ. ಅಲ್ಲಿ ಮನೆ ನಂಬರ್ ಮಾತ್ರ ನೋಡಿ ಕಾಗದ ಹಾಕಲ್ಲ ಕಣೋ, ಪೆಟ್ಟಿಗೆ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲ ಅಂದರೆ ವಾಪಸ್. ಹತ್ತು ಪೈಸೆಯ ಚೀಟಿ ಅಂಟಿಸದೆ ನನ್ನ ಕಾರ್ಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು."

ಅದಕ್ಕಿಂತ ನನಗೆ ಮಜಾ ಅನ್ನಿಸಿದ್ದು ಅವನ ತಮ್ಮನ ಕಥೆ. ಜರ್ಮನಿಗೆ ಓದಲು ಹೋಗುವವರಲ್ಲಿ ಹೆಚ್ಚಿನವರು ವೀಸಾಕ್ಕೆ ಮೊದಲೇ ಅಲ್ಲಿ ಒಂದು ಖಾತೆ ತೆರೆದು, ಅದರಲ್ಲಿ ಒಂದು ವರ್ಷದ ಖರ್ಚು ಇಟ್ಟಿರಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. ಅದಕ್ಕೆ ಬ್ಲಾಕ್ಡ್ ಅಕೌಂಟ್ ಅಂತಾರೆ. ದುಡ್ಡು ನಿಮ್ಮದೇ, ಆದರೆ ತಿಂಗಳಿಗೆ 992 ಯೂರೊ ಮಾತ್ರ ಹೊರಗೆ ಬಿಡುತ್ತಾರೆ. ಸ್ವಂತ ಗಂಟನ್ನೇ ತಿಂಗಳ ಸಂಬಳದ ಹಾಗೆ ಇಸಿದುಕೊಳ್ಳುವ ವ್ಯವಸ್ಥೆ. ಆ ತಮ್ಮ, ಅಣ್ಣನ ಹತ್ತಿರ ಸಾಲ ಕೇಳುವಾಗ ಈಗಲೂ "ನನ್ನ ಹತ್ತಿರ ದುಡ್ಡಿದೆ, ನನಗೆ ಸಿಗುತ್ತಿಲ್ಲ ಅಷ್ಟೇ" ಅನ್ನುತ್ತಾನಂತೆ.

ಟೋಕಿಯೊ ಇಷ್ಟು ಹೊತ್ತು ತಾಳ್ಮೆಯಿಂದ ಕಾಯುತ್ತಿದ್ದ. "ನನ್ನದು ಕೇಳಿ. ಬ್ಯಾಂಕಿಗೆ ಜಪಾನಿನ ಫೋನ್ ನಂಬರ್ ಬೇಕು. ಫೋನ್ ಕಂಪನಿಗೆ ಬ್ಯಾಂಕ್ ಖಾತೆ ಇಲ್ಲವೇ ಕ್ರೆಡಿಟ್ ಕಾರ್ಡ್ ಬೇಕು. ಹೇಗೋ ಪ್ರೀಪೇಯ್ಡ್ ಸಿಮ್ ಹಿಡಿದು ಹೋದೆ. ಇನ್ನು ಹೆಸರು. ಪಾಸ್‌ಪೋರ್ಟಿನಲ್ಲಿರುವ ನನ್ನ ಪೂರ್ತಿ ಹೆಸರನ್ನು ಕತಕಾನ ಲಿಪಿಯಲ್ಲಿ ಬರೆದರೆ ಫಾರಂನ ಚೌಕಗಳು ಮುಗಿದು ಹೆಸರು ಉಳಿಯಿತು. ಮುಂದಿನ ಸಾಲಿನಲ್ಲಿ ಬರೆಯಬಹುದಾ ಅಂತ ಕೇಳಿದೆ. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಹಲ್ಲು ಕಚ್ಚಿ ಸ್ಸ್ ಅಂತ ಗಾಳಿ ಎಳೆದುಕೊಂಡರು. ಅಲ್ಲಿದ್ದವರು ಮೂವರು ಸೇರಿ ಚರ್ಚೆ ಮಾಡಿದರು. ನನ್ನ ಹೆಸರಿನ ಬಗ್ಗೆ ಆದಷ್ಟು ಗಂಭೀರ ಚರ್ಚೆ ಸಂಸತ್ತಿನಲ್ಲೂ ಆಗುವುದಿಲ್ಲ. ಮೊಹರು ಬೇರೆ. ಸಹಿ ಸಾಕು ಅನ್ನುವ ಬ್ಯಾಂಕುಗಳು ಈಗ ಜಾಸ್ತಿ ಆಗಿವೆ, ನಾನು ಹೋದದ್ದು ಹೆಸರು ಕೆತ್ತಿದ ಹಂಕೊ ಬೇಕು ಅನ್ನುವ ಬ್ಯಾಂಕಿಗೆ."

"ಮಾಡಿಸಿಕೊಂಡೆಯಾ?"

"ಮಾಡಿಸಿಕೊಂಡೆ. ಅದರಲ್ಲೂ ಅರ್ಧ ಹೆಸರೇ ಹಿಡಿಸಿತು. ಆದರೆ ಒಂದು ಮಾತು, ನಾನು ಅಲ್ಲಿ ಕೆಲಸಕ್ಕೆ ಹೋದವನು, ಅದಕ್ಕೇ ಬಚಾವು. ಕೆಲಸವಿಲ್ಲದೆ ಹೋದರೆ ಆರು ತಿಂಗಳು ಕಳೆಯುವ ತನಕ ಅವರ ವಿದೇಶಿ ವಿನಿಮಯದ ಲೆಕ್ಕದಲ್ಲಿ ನಾವು ಅಲ್ಲಿನ ನಿವಾಸಿಯೇ ಅಲ್ಲ. ಖಾತೆ ಕೊಟ್ಟರೂ ಕೈಕಾಲು ಕಟ್ಟಿ ಕೊಡುತ್ತಾರೆ."

ನಾನು ಬಾಯಿ ತೆರೆದೆ. "ಆಸ್ಟ್ರೇಲಿಯಾದಲ್ಲಿ ವಿಮಾನ ಹತ್ತುವ ಮುಂಚೆಯೇ ಆನ್‌ಲೈನಿನಲ್ಲಿ..." ಅನ್ನುವಷ್ಟರಲ್ಲಿ ಎಲ್ಲರೂ ಸೇರಿ ನನ್ನನ್ನು ಸುಮ್ಮನಿರಿಸಿದರು. ಸಲೀಸಾಗಿ ಕೆಲಸ ಆದವರಿಗೆ ಇಂಥ ಸಭೆಯಲ್ಲಿ ಮರ್ಯಾದೆ ಇಲ್ಲ. ಟೊರೊಂಟೊಗೂ ಅದೇ ಗತಿ. ಕೆನಡಾದಲ್ಲಿ ಕೆಲಸವಿಲ್ಲದಿದ್ದರೂ, ಹಾಕಲು ದುಡ್ಡೇ ಇಲ್ಲದಿದ್ದರೂ, ಹಿಂದೆ ದಿವಾಳಿ ಆಗಿದ್ದರೂ ಸರಿಯಾದ ಗುರುತಿನ ಚೀಟಿ ಇದ್ದರೆ ಖಾತೆ ತೆರೆಯುವ ಹಕ್ಕಿದೆ ಅಂತ ಅವಳು ಹೇಳಿದಾಗ, ಬರ್ಲಿನ್ "ಹೊಟ್ಟೆ ಉರಿಸಬೇಡ" ಅಂದ.

ಪ್ಯಾರಿಸ್ ಕಂಗಾಲಾಗಿದ್ದ. "ಅಲ್ಲಾ, ನಾನು ದುಡ್ಡು ಕೊಡಲು ಹೋಗುತ್ತಿದ್ದೇನೆ, ಕೇಳಲು ಅಲ್ಲ. ಇವರಿಗೇನು ಕಷ್ಟ?"

"ನಿನ್ನ ದುಡ್ಡು ಎಲ್ಲಿಂದ ಬಂತು ಅಂತ ಅವರಿಗೆ ಭಯ," ಅಂದ ಟೋಕಿಯೊ. "ಕಪ್ಪು ಹಣ ಬಿಳಿ ಮಾಡುವವರನ್ನು ತಡೆಯಬೇಕು ಅಂತ 1989ರಲ್ಲಿ ಜಿ-7 ದೇಶಗಳು ಎಫ್‌ಎಟಿಎಫ್ ಅಂತ ಒಂದು ಸಂಸ್ಥೆ ಕಟ್ಟಿದವು. ಗ್ರಾಹಕ ಯಾರು, ಎಲ್ಲಿಯವನು ಅಂತ ಜಾಲಾಡುವ ನಿಯಮ ಅಲ್ಲಿಂದ ದೇಶ ದೇಶಕ್ಕೆ ಹಬ್ಬಿತು. ಎಡವಿದರೆ ಬ್ಯಾಂಕಿಗೆ ದಂಡ. ಹಾಗಾಗಿ ನಿನ್ನಂಥವನನ್ನು ಒಳಗೆ ಬಿಟ್ಟುಕೊಳ್ಳುವುದಕ್ಕಿಂತ ನಾಳೆ ಬನ್ನಿ ಅನ್ನುವುದು ಅವರಿಗೆ ಅಗ್ಗ."

"ಕಪ್ಪು ಹಣ ಇದ್ದಿದ್ದರೆ ನಾನು ಇಬ್ಬರ ಜೊತೆ ರೂಮ್ ಹಂಚಿಕೊಳ್ಳುತ್ತಿದ್ದೆನಾ?" ಅಂದಳು ಲಂಡನ್.

"ನೀವು ಅಮೆರಿಕದವರಾ ಅಂತಲೂ ಕೇಳುತ್ತಾರೆ," ಅಂದೆ ನಾನು, ಈ ಸಲ ಯಾರೂ ತಡೆಯಲಿಲ್ಲ. 2010ರ ಫಾಟ್ಕಾ ಕಾನೂನಿನಿಂದ ಅಮೆರಿಕದವರ ಖಾತೆಗಳ ಲೆಕ್ಕ ಆ ದೇಶಕ್ಕೆ ಹೋಗಬೇಕು. ಅದಕ್ಕೇ ಜಗತ್ತಿನ ಯಾವ ಮೂಲೆಯ ಫಾರಂನಲ್ಲೂ ಆ ಪ್ರಶ್ನೆ. ಅಮೆರಿಕಕ್ಕೆ ವೀಸಾ ಸಿಗದೆ ಬೇರೆ ದೇಶಕ್ಕೆ ಹೋದವನಿಗೆ ಇದನ್ನು ಕೇಳಿದರೆ ಎಷ್ಟು ಉರಿಯಬೇಡ!

"ನನ್ನ ವಿಷಯ ಹೇಳಿ ಮಾರಾಯರೇ. ಫ್ರಾನ್ಸಿನಲ್ಲಿ ಏನು ಮಾಡಲಿ?"

ಬರ್ಲಿನ್ ಗಂಟಲು ಸರಿಮಾಡಿಕೊಂಡ. ಇದನ್ನು ಅವನು ಮೊದಲೇ ಓದಿಟ್ಟಿದ್ದ ಅಂತ ಕಾಣುತ್ತದೆ. "ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವವರಿಗೆ ಒಂದು ಸಾದಾ ಖಾತೆಯ ಹಕ್ಕಿದೆ, 2014ರ ನಿರ್ದೇಶನ. ಪೂರ್ತಿ ಅರ್ಜಿ ಕೊಟ್ಟ ಮೇಲೆ ಹತ್ತು ಕೆಲಸದ ದಿನದೊಳಗೆ ಖಾತೆ ಕೊಡಬೇಕು ಇಲ್ಲವೇ ಆಗಲ್ಲ ಅಂತ ಹೇಳಬೇಕು. ಫ್ರಾನ್ಸಿನಲ್ಲಿ ಇನ್ನೂ ಮಜಾ. ಬ್ಯಾಂಕು ಆಗಲ್ಲ ಅಂದರೆ ಆಗಲ್ಲ ಅಂತಲೇ ಒಂದು ಪತ್ರ ಇಸಿದುಕೋ. ಅದನ್ನು ಬಾಂಕ್ ದ ಫ್ರಾನ್ಸ್‌ಗೆ, ಅಂದರೆ ಅಲ್ಲಿನ ಕೇಂದ್ರ ಬ್ಯಾಂಕಿಗೆ ಕೊಟ್ಟರೆ, ಕಾಗದ ಎಲ್ಲ ಸರಿಯಿದ್ದರೆ ಒಂದು ಕೆಲಸದ ದಿನದಲ್ಲಿ ಅವರೇ ಒಂದು ಬ್ಯಾಂಕನ್ನು ಗೊತ್ತುಮಾಡುತ್ತಾರೆ. ಆ ಬ್ಯಾಂಕು ನಿನಗೆ ಖಾತೆ ಕೊಡಲೇಬೇಕು."

"ಅಂದರೆ ನನ್ನನ್ನು ಯಾರೂ ಒಪ್ಪಲಿಲ್ಲ ಅನ್ನುವುದಕ್ಕೆ ಸರ್ಟಿಫಿಕೇಟ್ ತರಬೇಕು?"

"ಹೌದು. ಆ ಸರ್ಟಿಫಿಕೇಟ್ ಫ್ರೀ."

"ಬೇರೆ ಏನು ಕಾಗದ ಬೇಕು?"

"ಪಾಸ್‌ಪೋರ್ಟ್," ಅಂದ ಬರ್ಲಿನ್. ಆಮೇಲೆ ಸ್ವಲ್ಪ ತಡೆದು, "ಮತ್ತೆ ವಿಳಾಸದ ಪುರಾವೆ."

ಲಂಡನ್ ಫೋನು ಇನ್ನೊಂದು ಸಲ ಬಿತ್ತು.

"ತಾಳಿ, ದಾರಿ ಇದೆ," ಅಂದಳು ಟೊರೊಂಟೊ. "ನೀನು ಯಾರ ಮನೆಯಲ್ಲಿ ಇಳಿದುಕೊಳ್ಳುತ್ತೀಯೋ ಅವರು ಇವನು ನಮ್ಮಲ್ಲಿದ್ದಾನೆ ಅಂತ ಬರೆದು ಸಹಿ ಹಾಕಿಕೊಟ್ಟರೆ ಆಗುತ್ತದೆ. ಜೊತೆಗೆ ಅವರ ಗುರುತಿನ ಚೀಟಿಯ ಪ್ರತಿ, ಅವರ ಹೆಸರಿನ ಇತ್ತೀಚಿನ ಬಿಲ್ಲು."

"ಅಲ್ಲಿ ನಮ್ಮವರು ಯಾರಿದ್ದಾರೆ?"

"ನನ್ನ ಅತ್ತಿಗೆಯ ತಮ್ಮ ಇದ್ದಾನೆ," ಅಂದ ಟೋಕಿಯೊ. "ಆದರೆ ಅವನೇ ಇನ್ನೊಬ್ಬರ ಮನೆಯಲ್ಲಿ ಇದ್ದಾನೆ."

"ಆ ಇನ್ನೊಬ್ಬರ ಹೆಸರಲ್ಲಿ ಕರೆಂಟ್ ಬಿಲ್ ಇದೆಯಾ?"

"ಇದೆಯಂತೆ."

"ಅವರ ನಂಬರ್ ಕಳಿಸು. ಅತ್ತಿಗೆಯ ತಮ್ಮನನ್ನು ಆಮೇಲೆ ಮಾತಾಡಿಸುತ್ತೇನೆ."