ಅಪ್‌ಡೇಟ್: ಇತಿಹಾಸದಲ್ಲಿ ಎಂ.ಎ. ಆಯ್ತು, ಮುಂದೇನು ಎಂದು ಕೇಳಿದ್ದೆ

ಪಾಠ ಮಾಡುವುದು, ಪಿಎಚ್‌ಡಿ ಎರಡೂ ಬಿಟ್ಟರೆ ಬೇರೆ ದಾರಿ ಇದೆಯಾ ಎಂಬುದು ನನ್ನ ಪ್ರಶ್ನೆಯಾಗಿತ್ತು. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದ.

ಈಗ ಒಂದು ದಾಖಲೆ ಸಂಗ್ರಹದಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳೆಯ ಪತ್ರ, ಫೋಟೊಗಳನ್ನು ಸ್ಕ್ಯಾನ್ ಮಾಡಿ ಪ್ರತಿಯೊಂದಕ್ಕೂ ಮೆಟಾಡೇಟಾ, ಅಂದರೆ ಅದು ಏನು, ಯಾರದು, ಯಾವಾಗಿನದು ಎಂಬ ವಿವರ ಬರೆಯಬೇಕು. 1995ರಲ್ಲಿ ಶುರುವಾದ ಡಬ್ಲಿನ್ ಕೋರ್ ಎಂಬ ಪದ್ಧತಿಯಲ್ಲಿ ಶೀರ್ಷಿಕೆ, ಕರ್ತೃ, ದಿನಾಂಕ, ವಿಷಯ ಹೀಗೆ 15 ಮೂಲ ಅಂಶಗಳಿವೆ. ಪಟ್ಟಿ ಕಲಿಯುವುದು ಸುಲಭ, ತುಂಬುವುದು ಕಷ್ಟ. ತಾರೀಖಿಲ್ಲದ ಪತ್ರ ಯಾವ ಕಾಲದ್ದು? ಫೋಟೊ ಹಿಂದೆ ಯಾರೋ ಆಮೇಲೆ ಬರೆದಿಟ್ಟ ಹೆಸರನ್ನು ನಂಬಬಹುದಾ? ಕಾಗದ, ಕೈಬರಹ, ಅಂಚೆ ಮುದ್ರೆ, ಒಳಗೆ ಬರುವ ಘಟನೆಗಳು ಎಲ್ಲವನ್ನೂ ತಾಳೆ ನೋಡಬೇಕು. ತರಗತಿಯಲ್ಲಿ ಕಲಿತ ಆಕರ ವಿಮರ್ಶೆ (ದಾಖಲೆಯನ್ನು ಎಷ್ಟು ನಂಬಬಹುದು ಎಂದು ಪರೀಕ್ಷಿಸುವುದು) ಇಲ್ಲಿ ದಿನನಿತ್ಯದ ಕೆಲಸ. ಪದವಿ ವ್ಯರ್ಥ ಅನ್ನುವವರ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಯೂಸರ್ ರಿಸರ್ಚ್, ಅಂದರೆ ಜನ ಒಂದು ಉತ್ಪನ್ನವನ್ನು ಹೇಗೆ ಬಳಸುತ್ತಾರೆ ಎಂದು ಕಂಪನಿಗಳಿಗಾಗಿ ಅಧ್ಯಯನ ಮಾಡುವ ಕೆಲಸದ ಕಡೆ ನೋಡಿ ಎಂದವರ ಸಲಹೆಯೂ ಗಟ್ಟಿಯಾದದ್ದೇ. ಮಾನವಶಾಸ್ತ್ರಜ್ಞೆ ಜೆನೆವೀವ್ ಬೆಲ್ 1998ರಲ್ಲೇ ಇಂಥ ಕೆಲಸಕ್ಕೆ ಕಂಪ್ಯೂಟರ್ ಚಿಪ್ ಕಂಪನಿ ಇಂಟೆಲ್ ಸೇರಿದ್ದರು. ಜನರನ್ನು ಮಾತಾಡಿಸುವುದು ಇಷ್ಟವಿದ್ದರೆ ಆ ದಾರಿ ಹಿಡಿಯಿರಿ, ನನಗೆ ಕಾಗದಗಳೇ ಹೆಚ್ಚು ಹತ್ತಿರ.

ಕೆಲಸ ಗುತ್ತಿಗೆಯದು, ಯೋಜನೆ ಮುಗಿದರೆ ಮತ್ತೆ ಹುಡುಕಬೇಕು. ಇದನ್ನು ಸೇರುವ ಮೊದಲೇ ತಿಳಿದಿರುವುದು ಒಳ್ಳೆಯದು. ಅರ್ಜಿ ಹಾಕುವವರು ಎಂ.ಎ. ಪ್ರಬಂಧದ ಜೊತೆಗೆ, ನೀವೇ ವಿವರಿಸಿದ ಒಂದು ಪುಟ್ಟ ಸಂಗ್ರಹದ ಮಾದರಿಯನ್ನೂ ಕಳಿಸಿ. ನನ್ನ ಸಂದರ್ಶನದಲ್ಲಿ ಹೆಚ್ಚಿನ ಪ್ರಶ್ನೆಗಳು ಬಂದದ್ದು ಅದರ ಮೇಲೆಯೇ.