ಟಾಪ್ ವ್ಯೂ ತಲೆಗೆ ಹತ್ತುತ್ತಿಲ್ಲ, ನೇರ ಆಟೋಕ್ಯಾಡ್ ಕ್ಲಾಸಿಗೆ ಸೇರಲಾ?

ಜೇವರ್ಗಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಜೇವರ್ಗಿ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಈಗ ಕಲಬುರಗಿಯಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಮೊದಲ ವರ್ಷ. ಬೇರೆ ಸಬ್ಜೆಕ್ಟ್ ಹೇಗೋ ಸಾಗುತ್ತಿವೆ, ಡ್ರಾಯಿಂಗ್ ಮಾತ್ರ ಆಗುತ್ತಿಲ್ಲ. ಗೆರೆ ನೀಟಾಗಿ ಎಳೆಯುತ್ತೇನೆ. ಆದರೆ ಒಂದು ಬ್ಲಾಕ್ ಚಿತ್ರ ಕೊಟ್ಟು ಫ್ರಂಟ್ ವ್ಯೂ, ಟಾಪ್ ವ್ಯೂ, ಸೈಡ್ ವ್ಯೂ ಬರೆಯಿರಿ ಅಂದರೆ ಕಣ್ಣ ಮುಂದೆ ಏನೂ ಬರುವುದಿಲ್ಲ. ಮೇಲಿನಿಂದ ನೋಡಿದ್ದನ್ನು ಹಾಳೆಯಲ್ಲಿ ಕೆಳಗೆ ಯಾಕೆ ಬರೆಯಬೇಕು? ಎಡಗಡೆಯಿಂದ ನೋಡಿದ್ದು ಬಲಗಡೆ ಯಾಕೆ ಹೋಗುತ್ತದೆ? ಕೇಳಿದರೆ "ಫಸ್ಟ್ ಆ್ಯಂಗಲ್ ಅಂದ್ರೆ ಹಾಗೇ" ಅಂತಾರೆ. ಈಗ ಪೆನ್ಸಿಲ್ ಯಾರು ಹಿಡೀತಾರೆ, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವ ಆಟೋಕ್ಯಾಡ್ ಕಲಿತರೆ ಸಾಕು ಅಂತ ಗೆಳೆಯರು ಹೇಳುತ್ತಿದ್ದಾರೆ. ತೊಗರಿ ಮಾರಿದ ದುಡ್ಡಲ್ಲಿ ಫೀಸು ಕಟ್ಟುತ್ತೇನೆ ಅಂತ ಅಪ್ಪ ಒಪ್ಪಿದ್ದಾರೆ, ಅದು ಸುಮ್ನೆ ಹಾಳಾಗಬಾರದು. ಸೇರಲಾ?

ಬೀದರ್ ವರ್ಕ್‌ಶಾಪ್:
ತಮ್ಮಾ, ಸದ್ಯಕ್ಕೆ ಸೇರಬೇಡ. ನಿನಗೆ ಕಾಣದೇ ಇರುವುದು ಕಂಪ್ಯೂಟರ್ ಮುಂದೆ ಕೂತರೂ ಕಾಣಲ್ಲ. ಮೊದಲು ಇದನ್ನು ಮಾಡು.

ಒಂದು ರಟ್ಟಿನ ಡಬ್ಬಿ ತಗೋ. ಅದರ ನೆಲ, ಹಿಂದಿನ ಗೋಡೆ, ಬಲಗಡೆಯ ಗೋಡೆ ಇಷ್ಟೇ ಉಳಿಸಿ ಉಳಿದದ್ದನ್ನು ಕತ್ತರಿಸಿಬಿಡು. ಒಂದು ಬಟ್ಟೆ ಸೋಪನ್ನು ಮೆಟ್ಟಿಲಿನ ಹಾಗೆ ಕೊಯ್ದು ಆ ಮೂಲೆಯಲ್ಲಿ ಇಡು. ಈಗ ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿ, ನೆರಳು ಹಿಂದಿನ ಗೋಡೆಗೆ ಬೀಳುತ್ತದೆ. ಅದು ಫ್ರಂಟ್ ವ್ಯೂ. ಮೇಲಿನಿಂದ ಹಿಡಿದರೆ ನೆಲಕ್ಕೆ ಬೀಳುತ್ತದೆ, ಅದು ಟಾಪ್ ವ್ಯೂ. ಎಡಗಡೆಯಿಂದ ಹಿಡಿದರೆ ಬಲಗೋಡೆಗೆ ಬೀಳುತ್ತದೆ. ಮೂರನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿ, ಸೋಪು ತೆಗೆದು, ನೆಲವೂ ಬಲಗೋಡೆಯೂ ಕೂಡುವ ಅಂಚನ್ನು ಕತ್ತರಿಸಿ ಡಬ್ಬಿಯನ್ನು ಚಪ್ಪಟೆ ಬಿಡಿಸು. ಹಿಂದಿನ ಗೋಡೆ ನೆಟ್ಟಗೇ ಇರಲಿ, ನೆಲ ಕೆಳಕ್ಕೆ ಇಳಿಯುತ್ತದೆ, ಬಲಗೋಡೆ ಬಲಕ್ಕೆ ತೆರೆಯುತ್ತದೆ. ನಿನ್ನ ಎರಡೂ ಪ್ರಶ್ನೆಗೆ ಉತ್ತರ ಆ ರಟ್ಟಿನ ಮೇಲೇ ಇರುತ್ತದೆ. ನೆರಳು ಹೊರಗಿನ ಆಕಾರ ಮಾತ್ರ ಕೊಡುತ್ತದೆ, ಮೆಟ್ಟಿಲಿನ ಅಂಚನ್ನು ನೀನೇ ನೋಡಿ ಸೇರಿಸಬೇಕು. ಹಿಂದೆ ಮರೆಯಾದ ಅಂಚಿದ್ದರೆ ತುಂಡು ಗೆರೆ.

ಈ ಡಬ್ಬಿಯ ಪದ್ಧತಿಯೇ ಫಸ್ಟ್ ಆ್ಯಂಗಲ್, ನಮ್ಮ ದೇಶದಲ್ಲಿ ಅದೇ ನಡೆಯುತ್ತದೆ, ಅಮೆರಿಕದವರದು ಥರ್ಡ್ ಆ್ಯಂಗಲ್. ಅದರಲ್ಲಿ ವಸ್ತುವಿಗೂ ಕಣ್ಣಿಗೂ ನಡುವೆ ಗಾಜು ಇದ್ದ ಹಾಗೆ ಲೆಕ್ಕ, ಅದಕ್ಕೇ ಟಾಪ್ ವ್ಯೂ ಮೇಲೇ ಬರುತ್ತದೆ. ಡ್ರಾಯಿಂಗಿನ ಟೈಟಲ್ ಬ್ಲಾಕಿನಲ್ಲಿ (ಹಾಳೆಯ ಮೂಲೆಯಲ್ಲಿರುವ ವಿವರದ ಚೌಕ) ತುದಿ ಕತ್ತರಿಸಿದ ಕೋನ್ ಮತ್ತು ಒಂದರೊಳಗೊಂದು ಎರಡು ವೃತ್ತದ ಗುರುತು ಇರುತ್ತದೆ. ವೃತ್ತಗಳು ಬಲಕ್ಕಿದ್ದರೆ ಫಸ್ಟ್, ಎಡಕ್ಕಿದ್ದರೆ ಥರ್ಡ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರದೇಶದ ಒಂದು ಡ್ರಾಯಿಂಗ್ ಬಂದಿತ್ತು, ನಾನು ಆ ಗುರುತು ನೋಡದೆ ತೂತು ಎಲ್ಲಿ ಅಂತ ಮಾರ್ಕಿಂಗ್ ಕೊಟ್ಟೆ. ಬಲಗಡೆ ಬರಬೇಕಾದ ತೂತು ಎಡಗಡೆ ಬಂತು. 40 ಪೀಸು ಸ್ಕ್ರ್ಯಾಪಿಗೆ ಹೋದವು. ಇವತ್ತಿಗೂ ಡ್ರಾಯಿಂಗ್ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ಆ ಮೂಲೆಗೇ.

ಯಾದಗಿರಿ ಸಿವಿಲ್ ಅಕ್ಕ:
ಡಬ್ಬಿಯ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಕ್ಯಾಡ್ (ಕಂಪ್ಯೂಟರ್ ಡ್ರಾಯಿಂಗ್) ಮುಂದೂಡಬೇಕಿಲ್ಲ, ಎರಡೂ ಜೊತೆಗೆ ನಡೆಯಲಿ. ದುಡ್ಡು ಮಾತ್ರ ಈಗಲೇ ಕೊಡಬೇಡ ತಮ್ಮಾ. ಆಟೋಕ್ಯಾಡ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುತ್ತದೆ, ಕಾಲೇಜಿನ ದಾಖಲೆ ತೋರಿಸಬೇಕು. ಅದೇ ಥರದ ಫ್ರೀಕ್ಯಾಡ್, ಲಿಬ್ರೆಕ್ಯಾಡ್ ಸಾಫ್ಟ್‌ವೇರ್ ಅಂತೂ ಎಲ್ಲರಿಗೂ ಉಚಿತ.

ನಿಮ್ಮ ಮನೆಯನ್ನೇ ಟೇಪಿನಲ್ಲಿ ಅಳೆದು ಬರೆ, ಎಲ್ಲಾ ಮಿಲಿಮೀಟರಿನಲ್ಲಿ. ಕ್ಯಾಡಿನಲ್ಲಿ ಇದ್ದ ಅಳತೆಯನ್ನೇ ಹಾಕಬೇಕು, 3 ಮೀಟರ್ ಗೋಡೆ ಅಂದರೆ 3000. ಸ್ಕೇಲ್ ಬರುವುದು ಪ್ರಿಂಟ್ ತೆಗೆಯುವಾಗ. 9 ಮೀಟರ್ ಅಗಲ 12 ಮೀಟರ್ ಉದ್ದದ ಮನೆ 1:50ರಲ್ಲಿ, ಅಂದರೆ 50ರಲ್ಲಿ ಒಂದು ಪಾಲಿಗೆ ಇಳಿಸಿದರೆ, 180 ಮಿಮೀ, 240 ಮಿಮೀ ಆಗುತ್ತದೆ, 210 ಮಿಮೀ, 297 ಮಿಮೀ ಇರುವ ಎ4 ಹಾಳೆಯಲ್ಲಿ ಕೂರುತ್ತದೆ. ಹೊಸಬರು ಜಾಸ್ತಿ ಮಾಡುವ ತಪ್ಪು ಅಂದರೆ ಸ್ನ್ಯಾಪ್ (ಗೆರೆಯ ತುದಿಯನ್ನು ತಾನೇ ಹಿಡಿಯುವ ಸೌಲಭ್ಯ) ಇಲ್ಲದೆ ಕಣ್ಣಳತೆಯಲ್ಲಿ ಗೆರೆ ಕೂಡಿಸುವುದು. ಸ್ಕ್ರೀನಿನಲ್ಲಿ ಕೂಡಿದ ಹಾಗೇ ಕಾಣುತ್ತದೆ, ಝೂಮ್ ಮಾಡಿದರೆ ನಡುವೆ ಸಂದು. ಆಮೇಲೆ ಒಳಗೆ ಗೆರೆ ತುಂಬಿಸುವ ಹ್ಯಾಚ್ ಹಾಕಲು ಹೋದರೆ ತುಂಬುವುದೇ ಇಲ್ಲ. ಆಟೋಕ್ಯಾಡಿನಲ್ಲಿ ಎಫ್3 ಒತ್ತಿ ಸ್ನ್ಯಾಪ್ ಆನ್ ಇಟ್ಟುಕೋ, ನೆಟ್ಟಗಿನ ಗೆರೆಗೆ ಎಫ್8.

ಜೇವರ್ಗಿ ಹುಡುಗ:
ಅಣ್ಣಾ, ಡಬ್ಬಿ ಮಾಡಿದೆ. ಬಿಡಿಸಿದಾಗ ನೆಲ ಕೆಳಗೆ ಇಳಿಯಿತಲ್ಲ, ಆವಾಗ ತಿಳಿಯಿತು. ರಾತ್ರಿಯೇ ಕೂತು ಮೂರು ಲೆಕ್ಕ ಬಿಡಿಸಿದೆ. ಎರಡು ಸರಿ, ಒಂದರಲ್ಲಿ ತುಂಡು ಗೆರೆ ಬಿಟ್ಟಿದ್ದೆ. ಕ್ಲಾಸಿಗೆ ಈಗ ಬೇಡ ಅಂತ ಅಪ್ಪನಿಗೆ ಹೇಳಿದೆ. ಅಕ್ಕಾ, ಮನೆ ಅಳೆಯಲು ಶುರು ಮಾಡಿದ್ದೇನೆ. ನಮ್ಮದು ಹಳೆಯ ಕಲ್ಲಿನ ಮನೆ, ನೆಲಕ್ಕೆ ಶಹಾಬಾದ್ ಕಲ್ಲು. ಪಡಸಾಲೆಯ ಎದುರುಬದುರು ಗೋಡೆ ಒಂದು 4150, ಇನ್ನೊಂದು 4230 ಬರುತ್ತಿದೆ. ಎರಡು ಸಲ ಅಳೆದೆ, ಅಷ್ಟೇ. ಯಾವುದನ್ನು ಬರೆಯಲಿ?

ಯಾದಗಿರಿ ಸಿವಿಲ್ ಅಕ್ಕ:
ಎರಡನ್ನೂ ಬರೆ. ಹಳೆ ಮನೆಯ ಕೋಣೆ ಸರಿಯಾದ ಚೌಕ ಇರುವುದು ಕಡಿಮೆ. ನಾಲ್ಕು ಬದಿಯ ಜೊತೆ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಎರಡನ್ನೂ ತಗೋ. ಮೊದಲು ಒಂದು ಗೋಡೆಯ ಗೆರೆ ಎಳೆ. ಅದರ ಒಂದು ತುದಿಯಲ್ಲಿ ಪಕ್ಕದ ಗೋಡೆಯ ಉದ್ದವನ್ನೇ ತ್ರಿಜ್ಯ ಮಾಡಿ ವೃತ್ತ ಹಾಕು, ಇನ್ನೊಂದು ತುದಿಯಲ್ಲಿ ಅಡ್ಡ ಅಳತೆಯ ವೃತ್ತ. ಎರಡೂ ಕೂಡಿದ ಜಾಗವೇ ಮೂರನೇ ಮೂಲೆ. ನಾಲ್ಕನೆಯದೂ ಹೀಗೇ. ಕೊನೆಗೆ ಎದುರಿನ ಗೋಡೆ 4230 ಬಂತಾ ನೋಡು. ಬರದಿದ್ದರೆ ಟೇಪ್ ಎಲ್ಲೋ ಜೋತು ಬಿದ್ದಿದೆ, ಅಡ್ಡ ಅಳತೆಯನ್ನೇ ಮತ್ತೆ ತಗೋ. ಅಳೆಯುವಾಗ ಇನ್ನೊಂದು ತುದಿ ಹಿಡಿಯಲು ಅಪ್ಪನನ್ನು ಕರಿ, ಒಬ್ಬನೇ ಹಿಡಿಯಬೇಡ.